ದಂಡದ ಚೀಟಿಯೂ ನಮ್ಮ ಹೆಸರೂ

(ಸಂಘದ ರಜತ ಮಹೋತ್ಸವದ ಎರಡನೆಯ ದಿನ, ನಮ್ಮ ಊರಿನ ನಿವೃತ್ತ ಬಸ್ ಚಾಲಕರು ಮೂವರ ಪರವಾಗಿ ಮಾಡಿದ ಭಾಷಣದ ಬರಹರೂಪ)



ನಾವು ಅಂದರೆ ಈ ಊರಿನಿಂದ ಸ್ಟೇರಿಂಗ್ ಹಿಡಿಯಲು ಹೋಗಿ, ಸರ್ಕಾರಿ ಬಸ್ಸು ಓಡಿಸಿ, ನಿವೃತ್ತರಾಗಿ ಮತ್ತೆ ಊರಿಗೇ ಬಂದ ಮೂವರು. ಮೂವರೂ ಸೇರಿ ಹಂಚಿನ ಮನೆ ಜಗುಲಿಯಲ್ಲಿ ಎರಡು ರಾತ್ರಿ ಕೂತು ಈ ಮಾತನ್ನು ಸಿದ್ಧಮಾಡಿದ್ದೇವೆ. ಹೇಳುವ ಬಾಯಿ ಒಂದು, ಅನುಭವ ಮೂವರದು. ಅದಕ್ಕೇ ನಾವು ಅನ್ನುತ್ತಿದ್ದೇವೆ, ದೊಡ್ಡಸ್ತಿಕೆಗಲ್ಲ.

ಅಧ್ಯಕ್ಷರು ನಮ್ಮನ್ನು ಕರೆದು, "ರಸ್ತೆ ಸುರಕ್ಷತೆ ಮೇಲೆ ಒಂದಿಷ್ಟು ಹೇಳ್ರಪ್ಪ" ಅಂದರು. ಹಾಲಿನ ಸಂಘದ ಬೆಳ್ಳಿಹಬ್ಬದಲ್ಲಿ ಪೊಲೀಸು, ಫೈನು, ಲೈಸೆನ್ಸು ಇದೆಲ್ಲ ಯಾಕೆ ಅಂತ ಕೆಲವರಿಗೆ ಅನ್ನಿಸಬಹುದು. 2000ನೇ ಇಸವಿಯಲ್ಲಿ ನಮ್ಮ ಸಂಘ ಶುರುವಾದಾಗ ಊರಿನಲ್ಲಿ ಇದ್ದದ್ದು ನಾಲ್ಕು ಬೈಕು, ಎರಡು ಟ್ರ್ಯಾಕ್ಟರು. ಕ್ಯಾನು ಹೊತ್ತವರು ನಡೆದುಕೊಂಡೇ ಬರುತ್ತಿದ್ದರು, ಇಲ್ಲವೇ ಸೈಕಲ್ಲು. ಈಗ ಹಾಲು ಬೈಕಿನಲ್ಲಿ ಬರುತ್ತದೆ, ಮೇವು ಟೆಂಪೋದಲ್ಲಿ ಬರುತ್ತದೆ, ಕಬ್ಬು ಲಾರಿಯಲ್ಲಿ ಹೋಗುತ್ತದೆ. ಹಸುವಿನ ದುಡ್ಡಿನಲ್ಲಿ ಗಾಡಿ ಕೊಂಡ ಮನೆಗಳೇ ಹೆಚ್ಚು. ಗಾಡಿಯ ಸಾಲಕ್ಕೆ ಕಂತು ಕಟ್ಟುವುದೂ ಹಾಲಿನ ಬಟವಾಡೆಯಿಂದಲೇ. ಆದ್ದರಿಂದ ಗಾಡಿಗೆ ಬೀಳುವ ಕೇಸು ಕೊನೆಗೆ ಬಂದು ಮುಟ್ಟುವುದು ಹಸುವಿನ ಕೊಟ್ಟಿಗೆಗೇ.

ಮೊದಲು ಒಂದು ಸಂಗತಿ ಹೇಳಿಬಿಡುತ್ತೇವೆ. ಹೆಸರು ಹೇಳುವುದಿಲ್ಲ. ಆ ಹುಡುಗ ಇಲ್ಲೇ ಕೂತಿದ್ದಾನೆ, ಹೇಳಲು ಒಪ್ಪಿಗೆಯನ್ನೂ ಕೊಟ್ಟಿದ್ದಾನೆ.

ಆರು ವರ್ಷ ಕಬ್ಬಿನ ಲಾರಿ ಓಡಿಸಿದವನು. ಹೆವಿ ಲೈಸೆನ್ಸ್ ಇದೆ. ಕುಡಿತವಿಲ್ಲ, ಬೀಡಿಯಿಲ್ಲ. ಪಟ್ಟಣದ ಒಂದು ಶಾಲೆಯಲ್ಲಿ ಬಸ್ ಡ್ರೈವರ್ ಕೆಲಸ ಖಾಲಿ ಇದೆ ಅಂತ ತಿಳಿದು ಅರ್ಜಿ ಹಾಕಿದ. ತಿಂಗಳ ಸಂಬಳ, ಭಾನುವಾರ ರಜ, ರಾತ್ರಿ ಮನೆಯಲ್ಲೇ ಊಟ. ಬಸ್ಸು ಓಡಿಸಿ ತೋರಿಸಿದ, ಅವರಿಗೆ ಮೆಚ್ಚುಗೆಯಾಯಿತು. ಆಮೇಲೆ ಅವರು ಡಿ.ಎಲ್. ಕೇಳಿದರು, ಸ್ವಂತ ಗಾಡಿಯ ನಂಬರನ್ನೂ ಕೇಳಿದರು. ಇವನು ಬೈಕಿನ ನಂಬರ್ ಕೊಟ್ಟ. ಅವರು ಕಂಪ್ಯೂಟರಿನಲ್ಲಿ ಒತ್ತಿ ನೋಡಿದರು. ಒಂದೇ ವರ್ಷದಲ್ಲಿ ಮೂರು ಚಲನ್, ಮೂರೂ ಸಿಗ್ನಲ್ ಹಾರಿದ್ದಕ್ಕೆ. ಮೂರೂ ಮೈಸೂರಿನ ಕ್ಯಾಮೆರಾದಲ್ಲಿ ಬಿದ್ದದ್ದು.

"ಸಾರ್, ಇದರಲ್ಲಿ ಒಂದು ಮಾತ್ರ ನಂದು. ಇನ್ನೊಂದು ನಮ್ ಸೋದರಮಾವನ ಮಗ ತಗೊಂಡು ಹೋಗಿದ್ದ. ಮತ್ತೊಂದು ಯಾರು ಅಂತ ನಂಗೇ ನೆನಪಿಲ್ಲ" ಅಂದನಂತೆ.

"ಇರಬಹುದಪ್ಪ. ಆದರೆ ಮಕ್ಕಳ ಬಸ್ಸು ನೋಡು. ನಾವು ಕಾಗದ ನೋಡಬೇಕಲ್ಲ" ಅಂದರಂತೆ ಅವರು.

ಶಾಲೆಯವರನ್ನು ನಾವು ದೂರುವುದಿಲ್ಲ. 1997ರ ನವೆಂಬರ್‌ನಲ್ಲಿ ದೆಹಲಿಯಲ್ಲಿ ಒಂದು ಶಾಲಾ ಬಸ್ಸು ಯಮುನಾ ನದಿಗೆ ಬಿದ್ದು ಮಕ್ಕಳು ಸತ್ತುಹೋದರು. ಅದಾದ ಮೇಲೆ ಸುಪ್ರೀಂ ಕೋರ್ಟು ದೆಹಲಿಯ ಶಾಲಾ ಬಸ್ಸುಗಳಿಗೆ ಷರತ್ತು ಹಾಕಿತು. ಚಾಲಕನಿಗೆ ಹೆವಿ ಗಾಡಿಯಲ್ಲಿ ಕನಿಷ್ಠ 5 ವರ್ಷದ ಅನುಭವ ಇರಬೇಕು. ಕೆಂಪು ದೀಪ ದಾಟುವುದು, ಲೇನ್ ಶಿಸ್ತು ಮೀರುವುದು, ಹಕ್ಕಿಲ್ಲದವರ ಕೈಗೆ ಗಾಡಿ ಕೊಡುವುದು ಇಂಥವುಗಳಿಗೆ ವರ್ಷದಲ್ಲಿ ಎರಡಕ್ಕಿಂತ ಹೆಚ್ಚು ಸಲ ಚಲನ್ ಬಿದ್ದವನನ್ನು ಇಟ್ಟುಕೊಳ್ಳಬಾರದು. ಅತಿವೇಗ, ಕುಡಿದು ಓಡಿಸುವುದು, ಅಪಾಯಕರ ಚಾಲನೆ ಇವುಗಳಿಗೆ ಒಂದೇ ಒಂದು ಸಲ ಬಿದ್ದಿದ್ದರೂ ಬೇಡ. ದೆಹಲಿಗೆ ಹಾಕಿದ ಈ ಷರತ್ತುಗಳೇ ಮುಂದೆ ಬೇರೆ ಕಡೆಯ ಶಾಲೆಗಳಿಗೂ ಮಾದರಿಯಾದವು. ತಪ್ಪಲ್ಲ. ಬಸ್ಸಿನಲ್ಲಿ ಕೂರುವುದು ನಮ್ಮ ನಿಮ್ಮ ಮಕ್ಕಳೇ.

ಆದರೆ ಹುಡುಗನ ಕೆಲಸ ಹೋಯಿತು. ದಂಡದ ಮೊತ್ತ ಒಂದೊಂದು ನೂರರ ಲೆಕ್ಕದ್ದು, ಕಳೆದುಕೊಂಡದ್ದು ವರ್ಷಗಟ್ಟಲೆ ಸಂಬಳ. ಇವತ್ತು ನಾವು ಹೇಳಬೇಕಾದ ಮಾತು ಇಷ್ಟೇ: ದಂಡ ಕಟ್ಟಿದರೆ ದುಡ್ಡಿನ ಲೆಕ್ಕ ಮುಗಿಯುತ್ತದೆ, ಹೆಸರಿನ ಲೆಕ್ಕ ಮುಗಿಯುವುದಿಲ್ಲ.

ಇದನ್ನು ನಮ್ಮ ಡೈರಿಯ ಲೆಕ್ಕದಲ್ಲೇ ತಿಳಿಸುತ್ತೇವೆ. ಒಂದು ದಿನ ಒಬ್ಬರ ಹಾಲು ತೆಳ್ಳಗೆ ಬಂತು ಅನ್ನಿ. ಸೆಕ್ರೆಟರಿ ಮೆಲ್ಲಗೆ, "ಅಕ್ಕಾ, ಕ್ಯಾನಿನಲ್ಲಿ ನೀರು ಉಳಿದಿತ್ತೋ ಏನೋ, ನಾಳೆ ನೋಡಿಕೊಂಡು ತನ್ನಿ" ಅನ್ನುತ್ತಾರೆ. ಇದು ಎಚ್ಚರಿಕೆ. ಎಲ್ಲೂ ಬರೆಯುವುದಿಲ್ಲ. ಇನ್ನೊಂದು ದಿನ ಹಾಗೇ ಆದರೆ ರೀಡಿಂಗು ಪುಸ್ತಕಕ್ಕೆ ಏರುತ್ತದೆ, ಹಣ ಕಡಿಮೆಯಾಗುತ್ತದೆ. ಇದು ದಂಡ. ಮತ್ತೂ ಹಾಗೇ ಆದರೆ ಹಾಲು ತಗೊಳ್ಳುವುದನ್ನೇ ನಿಲ್ಲಿಸುತ್ತಾರೆ. ಇದು ಲೈಸೆನ್ಸ್ ಅಮಾನತು. ರಸ್ತೆಯಲ್ಲೂ ಇದೇ ಮೂರು ಮೆಟ್ಟಿಲು. ಒಂದೊಂದಾಗಿ ನೋಡೋಣ.

ಮೊದಲನೆಯ ಮೆಟ್ಟಿಲು ಎಚ್ಚರಿಕೆ. ಪೊಲೀಸಿನವರು ಕೈ ಅಡ್ಡ ಹಾಕಿ, "ಹೆಲ್ಮೆಟ್ ಎಲ್ಲಯ್ಯಾ? ಇವತ್ತು ಬಿಟ್ಟಿದೀನಿ, ಹೋಗು" ಅಂದರೆ ಅದು ಬಾಯಿಮಾತು. ಅದು ಲೈಸೆನ್ಸಿನ ದಾಖಲೆಗೆ ಏರುವುದಿಲ್ಲ, ಗಾಡಿಯ ನಂಬರಿನ ಮೇಲೂ ಕೂರುವುದಿಲ್ಲ. ಹಾಗಂತ ಅದು ಬರೀ ಗಾಳಿಯಲ್ಲ. ನಮ್ಮ ಮೂವರಲ್ಲಿ ಒಬ್ಬರು ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಸಂಜೆ ಸಬ್ ಇನ್ಸ್‌ಪೆಕ್ಟರ್ ಒಬ್ಬರು ಬಸ್ಸು ನಿಲ್ಲಿಸಿದರು. ಎಡಗಡೆ ದೀಪ ಉರಿಯುತ್ತಿರಲಿಲ್ಲ. "ಡ್ರೈವರೇ, ಒಕ್ಕಣ್ಣಿನ ಎತ್ತು ಹೂಡಿಕೊಂಡು ಐವತ್ತು ಜನಾನ ಕರಕೊಂಡು ಹೊರಟಿದ್ದೀರಲ್ಲ" ಅಂದರು, ಅಷ್ಟೇ. ಚೀಟಿ ಬರೆಯಲಿಲ್ಲ. ಆ ರಾತ್ರಿ ಡಿಪೋದಲ್ಲಿ ಮೆಕ್ಯಾನಿಕ್ಕನ್ನು ಕಾಡಿಬೇಡಿ ದೀಪ ಹಾಕಿಸಿದೆವು. ವಾರವಾಗಿರಲಿಲ್ಲ, ಅದೇ ರಸ್ತೆಯಲ್ಲಿ ಎಡಗಡೆ ಲಾಂದ್ರವಿಲ್ಲದ ಎತ್ತಿನ ಗಾಡಿ ನಿಂತಿತ್ತು. ಗಾಡಿಯ ಕೆಳಗೆ ಒಬ್ಬ ಮಲಗಿದ್ದ. ಎಡಗಡೆ ದೀಪ ಉರಿಯುತ್ತಿದ್ದುದರಿಂದ ಕಂಡಿತು. ಆ ಎಚ್ಚರಿಕೆ ಯಾವ ಪುಸ್ತಕದಲ್ಲೂ ಇಲ್ಲ, ಆದರೆ ನಮ್ಮ ಮನಸ್ಸಿನಲ್ಲಿ ಇವತ್ತಿಗೂ ಇದೆ.

ಆದ್ದರಿಂದ ಹುಡುಗರೇ, ಪೊಲೀಸಿನವರು ಬೈದು ಬಿಟ್ಟರೆ, "ಬಚಾವಾದೆ ಕಣ್ಲಾ" ಅಂತ ನಗಬೇಡಿ. ನಿಮಗೆ ಬಿಟ್ಟಿಯಾಗಿ ಸಿಗುವ ಪಾಠ ಅದೊಂದೇ. ಅದರ ಮುಂದಿನದಕ್ಕೆಲ್ಲ ಬೆಲೆ ಇದೆ.

ಇನ್ನೊಂದು ಮಾತು. ಎಚ್ಚರಿಕೆ ಕೊಡುವುದು ಮನುಷ್ಯ. ಕ್ಯಾಮೆರಾ ಎಚ್ಚರಿಕೆ ಕೊಡುವುದಿಲ್ಲ. ಅದಕ್ಕೆ ನಿಮ್ಮ ಅಪ್ಪನ ಪರಿಚಯವಿಲ್ಲ, ಹಬ್ಬಕ್ಕೆ ಊರಿಗೆ ಹೊರಟಿದ್ದೀರಿ ಅನ್ನುವುದೂ ಗೊತ್ತಿಲ್ಲ. ನಮ್ಮ ಪಕ್ಕದ ಬೆಂಗಳೂರು-ಮೈಸೂರು ಹೆದ್ದಾರಿಯನ್ನೇ ನೋಡಿ. 2023ರ ಆಗಸ್ಟ್ 1ರಿಂದ ಅದರ ಮುಖ್ಯರಸ್ತೆಗೆ ಬೈಕು, ಆಟೋ, ಟ್ರ್ಯಾಕ್ಟರು ಹತ್ತಬಾರದು ಅಂತ ಆಯಿತು. ಆಮೇಲೆ ಕ್ಯಾಮೆರಾಗಳೂ ಬಂದವು. 2024ರ ಆಗಸ್ಟ್ 1ರಿಂದ ರಾಜ್ಯದಲ್ಲಿ ಗಂಟೆಗೆ 130 ಕಿಲೋಮೀಟರ್ ಮೀರಿದವರ ಮೇಲೆ ಬರೀ ದಂಡವಲ್ಲ, ಎಫ್.ಐ.ಆರ್. ಹಾಕುವುದು ಶುರುವಾಯಿತು. ಎಫ್.ಐ.ಆರ್. ಅಂದರೆ ಚೀಟಿಯಲ್ಲ, ಕ್ರಿಮಿನಲ್ ಕೇಸು. ನಾಳೆ ಸರ್ಕಾರಿ ಕೆಲಸಕ್ಕೋ ಪಾಸ್‌ಪೋರ್ಟಿಗೋ ಪೊಲೀಸ್ ವಿಚಾರಣೆಗೆ ಬಂದಾಗ ಅದೂ ಎದ್ದು ಕೂರುತ್ತದೆ.

ಎರಡನೆಯ ಮೆಟ್ಟಿಲು ದಂಡ. ಇದರಲ್ಲಿ ಎರಡು ಬಗೆ. ರಸ್ತೆಯಲ್ಲಿ ನಿಲ್ಲಿಸಿ ಬರೆಯುವುದು ಒಂದು. ಆಗ ಓಡಿಸುತ್ತಿದ್ದವನ ಹೆಸರು, ಅವನ ಡಿ.ಎಲ್. ನಂಬರ್ ಸಿಗುತ್ತದೆ. ಕ್ಯಾಮೆರಾದಲ್ಲಿ ಬೀಳುವುದು ಇನ್ನೊಂದು. ಕ್ಯಾಮೆರಾ ಹಿಡಿಯುವುದು ನಂಬರ್ ಪ್ಲೇಟನ್ನು. ಚಲನ್ ಹೋಗುವುದು ಆರ್.ಸಿ.ಯಲ್ಲಿ ಹೆಸರಿರುವ ಮಾಲೀಕನಿಗೆ. ಓಡಿಸಿದವನು ಯಾರೇ ಆಗಲಿ, ಮೊದಲು ಕೇಳುವುದು ಮಾಲೀಕನನ್ನೇ. ಮೋಟಾರು ವಾಹನ ಕಾಯ್ದೆಯ 133ನೇ ಕಲಂ ಪ್ರಕಾರ ಪೊಲೀಸರು ಕೇಳಿದಾಗ ಆ ಹೊತ್ತಿನಲ್ಲಿ ಗಾಡಿ ಓಡಿಸುತ್ತಿದ್ದವನ ಹೆಸರು, ವಿಳಾಸ ಹೇಳುವುದು ಮಾಲೀಕನ ಕರ್ತವ್ಯ. "ಮರೆತುಹೋಯ್ತು ಸ್ವಾಮಿ" ಅಂದರೆ ಆಗುವುದಿಲ್ಲ. ನಮ್ಮ ಊರಿನಲ್ಲಿ ಬೈಕಿನ ಕೀ ಅಂದರೆ ಬಾವಿ ಹಗ್ಗ ಇದ್ದ ಹಾಗೆ, ಯಾರು ಬೇಕಾದರೂ ತಗೊಳ್ಳಬಹುದು. ಭಾವಮೈದ ತಗೊಂಡ, ಪಕ್ಕದ ಮನೆಯವನು ತಗೊಂಡ, ಕೊಡೋಲ್ಲ ಅಂದರೆ ಮುನಿಸು. ಹಗ್ಗ ಸವೆದರೆ ಹೊಸದು ತರಬಹುದು. ಹೆಸರು ಸವೆದರೆ?

ಈಗ ಬಹಳ ಜನ ತಪ್ಪು ತಿಳಿದಿರುವ ಒಂದು ವಿಷಯ. "ಫೈನ್ ಕಟ್ಟಿದ್ವಲ್ಲ, ಮುಗೀತು" ಅನ್ನುತ್ತಾರೆ. 2023ರ ಫೆಬ್ರವರಿಯಲ್ಲಿ ಸರ್ಕಾರ ಬಾಕಿ ದಂಡಕ್ಕೆ ಶೇಕಡ 50 ರಿಯಾಯಿತಿ ಕೊಟ್ಟಿತು. 2025ರ ಆಗಸ್ಟ್ 23ರಿಂದ ಸೆಪ್ಟೆಂಬರ್ 12ರ ತನಕ ಮತ್ತೆ ಕೊಟ್ಟಿತು. ಜನ ಸಾಲುಗಟ್ಟಿ ಕಟ್ಟಿದರು. ಒಳ್ಳೆಯದೇ. ಆದರೆ ಅರ್ಧಕ್ಕಿಳಿದದ್ದು ದುಡ್ಡು, ಮಾಡಿದ ತಪ್ಪು ಅರ್ಧವಾಗಲಿಲ್ಲ. 2019ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿಯಲ್ಲಿ 200ನೇ ಕಲಂಗೆ ಒಂದು ಮಾತು ಸೇರಿಸಿದ್ದಾರೆ. ದಂಡ ಕಟ್ಟಿ ರಾಜಿ ಮಾಡಿಕೊಂಡರೂ ಲೈಸೆನ್ಸಿನ ಮೇಲೆ ನಡೆಯಬೇಕಾದ ಕ್ರಮದಿಂದ ಬಿಡುಗಡೆ ಇಲ್ಲ ಅಂತ.

ಹೆಲ್ಮೆಟ್ಟನ್ನೇ ತಗೊಳ್ಳಿ. ಕೇಂದ್ರದ ಕಾಯ್ದೆಯಲ್ಲಿ ಹೆಲ್ಮೆಟ್ ಇಲ್ಲದ್ದಕ್ಕೆ 1,000 ರೂಪಾಯಿ, ಜೊತೆಗೆ 3 ತಿಂಗಳು ಲೈಸೆನ್ಸ್ ಅನರ್ಹ. ನಮ್ಮ ರಾಜ್ಯ ಸರ್ಕಾರ 2019ರ ಸೆಪ್ಟೆಂಬರ್‌ನಲ್ಲೇ ಈ ದಂಡವನ್ನು 500ಕ್ಕೆ ಇಳಿಸಿತು. ಎಲ್ಲರಿಗೂ 500 ನೆನಪಿದೆ. 3 ತಿಂಗಳಿನ ಮಾತು ಯಾರಿಗೂ ನೆನಪಿಲ್ಲ. ಅದನ್ನು ಯಾರೂ ಇಳಿಸಿಲ್ಲ, ಕಾಯ್ದೆಯಲ್ಲಿ ಹಾಗೇ ಇದೆ. ಮೂವರು ಕೂತು ಹೋಗುವುದಕ್ಕೂ ಅದೇ 3 ತಿಂಗಳು.

ಇಲ್ಲಿಂದ ಮೂರನೆಯ ಮೆಟ್ಟಿಲು. ಕಾಯ್ದೆಯ 206ನೇ ಕಲಂನಲ್ಲಿ ಒಂದು ಪಟ್ಟಿ ಇದೆ: ಅತಿವೇಗ, ಅಪಾಯಕರ ಚಾಲನೆ, ಕುಡಿದು ಓಡಿಸುವುದು, ರೇಸು, ಕೆಟ್ಟ ಸ್ಥಿತಿಯ ಗಾಡಿ ಓಡಿಸುವುದು, ಬೈಕಿನಲ್ಲಿ ಮೂವರು, ಹೆಲ್ಮೆಟ್ ಇಲ್ಲದಿರುವುದು, ಆಂಬ್ಯುಲೆನ್ಸಿಗೆ ದಾರಿ ಬಿಡದಿರುವುದು. ಕೆಂಪು ದೀಪ ದಾಟುವುದು, ಓಡಿಸುತ್ತ ಮೊಬೈಲ್ ಕೈಯಲ್ಲಿ ಹಿಡಿಯುವುದು ಈಗ ಅಪಾಯಕರ ಚಾಲನೆಯ ಲೆಕ್ಕಕ್ಕೇ ಸೇರಿವೆ. ಇವುಗಳಲ್ಲಿ ಸಿಕ್ಕಿಬಿದ್ದರೆ ಪೊಲೀಸಿನವರು ಲೈಸೆನ್ಸ್ ವಶಕ್ಕೆ ತಗೊಂಡು ಆರ್.ಟಿ.ಓ. ಕಚೇರಿಗೆ ಕಳಿಸಬಹುದು. ಅಲ್ಲಿ ಮೊದಲ ಸಲಕ್ಕೆ 3 ತಿಂಗಳು ಅನರ್ಹ ಮಾಡುವ, ಎರಡನೇ ಸಲಕ್ಕೆ ಲೈಸೆನ್ಸನ್ನೇ ರದ್ದು ಮಾಡುವ ಅಧಿಕಾರವಿದೆ. ಅವಧಿ ಮುಗಿದ ಮೇಲೂ ಲೈಸೆನ್ಸ್ ತಾನಾಗಿ ಕೈಗೆ ಬರುವುದಿಲ್ಲ, ಮರುತರಬೇತಿ ಮುಗಿಸಬೇಕು ಅಂತ ಕಾಯ್ದೆ ಹೇಳುತ್ತದೆ. ಆ ಅವಧಿಯಲ್ಲಿ "ಇಲ್ಲೇ ಹೊಲದ ತನಕ" ಅಂತ ಓಡಿಸಿ ಸಿಕ್ಕಿಬಿದ್ದರೆ 10,000 ರೂಪಾಯಿ ದಂಡ, ಇಲ್ಲವೇ 3 ತಿಂಗಳ ಸೆರೆ, ಎರಡೂ ಆಗಬಹುದು.

ನಮ್ಮ ಕಡೆಗೆ ವಿಶೇಷವಾಗಿ ಹೊಂದುವ ಒಂದು ತಪ್ಪನ್ನು ಬೇರೆಯಾಗಿಯೇ ಹೇಳಬೇಕು. ಸುಪ್ರೀಂ ಕೋರ್ಟು ನೇಮಿಸಿದ ರಸ್ತೆ ಸುರಕ್ಷತಾ ಸಮಿತಿ 2015ರ ಆಗಸ್ಟ್‌ನಲ್ಲಿ ರಾಜ್ಯಗಳಿಗೆಲ್ಲ ಒಂದು ಸೂಚನೆ ಕೊಟ್ಟಿತು. ಕೆಲವು ತಪ್ಪುಗಳಿಗೆ ಕನಿಷ್ಠ 3 ತಿಂಗಳು ಲೈಸೆನ್ಸ್ ಅಮಾನತು ಮಾಡಲೇಬೇಕು ಅಂತ. ಆ ಪಟ್ಟಿಯಲ್ಲಿ ಅತಿವೇಗ, ಕುಡಿತ, ಮೊಬೈಲು, ಕೆಂಪು ದೀಪಗಳ ಜೊತೆಗೆ ಇನ್ನೆರಡಿವೆ: ಮಿತಿ ಮೀರಿ ಸರಕು ಹೇರುವುದು, ಸರಕಿನ ಗಾಡಿಯಲ್ಲಿ ಜನರನ್ನು ತುಂಬುವುದು. ಈಗ ನೀವೇ ಹೇಳಿ. ಮದುವೆ ದಿಬ್ಬಣಕ್ಕೆ, ಬೀಗರೂಟಕ್ಕೆ, ಜಾತ್ರೆಗೆ, ಹೊಲದ ಕೂಲಿಗೆ ಟೆಂಪೋದಲ್ಲಿ ಜನರನ್ನು ನಿಲ್ಲಿಸಿಕೊಂಡು ಹೋಗದ ಮನೆ ಯಾವುದಿದೆ? ಟೆಂಪೋದವನು ಬೇಡ ಅಂದರೆ, "ಏನಯ್ಯಾ, ನಮ್ಮೂರವನಾಗಿ ಹಿಂಗಂತೀಯ" ಅಂತ ನಾವೇ ಬಲವಂತ ಮಾಡುತ್ತೇವೆ. ಅವನ ಲೈಸೆನ್ಸ್ ಹೋದರೆ ಅವನ ಮನೆಯ ಒಲೆ ಹಚ್ಚಲು ನಾವು ಹೋಗುವುದಿಲ್ಲ. ಅಪಘಾತವಾದರಂತೂ ಸರಕಿನ ಗಾಡಿಯಲ್ಲಿ ಸುಮ್ಮನೆ ಹತ್ತಿಸಿಕೊಂಡು ಹೋದ ಜನಕ್ಕೆ ವಿಮೆ ಕೊಡುವ ಹೊಣೆ ಕಂಪನಿಗಿಲ್ಲ ಅಂತ ಸುಪ್ರೀಂ ಕೋರ್ಟು 2003ರಲ್ಲೇ ಹೇಳಿದೆ.

ಅಮಾನತು ಒಮ್ಮೆ ಬಿದ್ದರೆ ಜೀವನಪೂರ್ತಿ ಕಲೆಯೇ ಅಂತ ಕೇಳಬಹುದು. ಇಲ್ಲ. ಇಲ್ಲಿ ಕಾಯ್ದೆ ಸ್ವಲ್ಪ ಕರುಣೆಯನ್ನೂ ಇಟ್ಟಿದೆ. ಅನರ್ಹತೆಯ ಆದೇಶವಾದರೆ ಅದನ್ನು ಲೈಸೆನ್ಸಿನ ಮೇಲೆ ನಮೂದು ಮಾಡುತ್ತಾರೆ. ಲೈಸೆನ್ಸ್ ಕಳೆದುಹೋಯಿತು ಅಂತ ಡೂಪ್ಲಿಕೇಟ್ ತಗೊಂಡರೂ ಆ ನಮೂದು ಹೊಸದಕ್ಕೂ ದಾಟಿ ಬರುತ್ತದೆ. ಜಾಣತನ ನಡೆಯುವುದಿಲ್ಲ. ಆದರೆ ಕೊನೆಯ ನಮೂದಿನಿಂದ ಸತತ 3 ವರ್ಷ ಇನ್ನೊಂದು ನಮೂದು ಬೀಳದ ಹಾಗೆ ನಡೆದುಕೊಂಡರೆ, ನಮೂದಿಲ್ಲದ ಶುದ್ಧ ಲೈಸೆನ್ಸ್ ಕೇಳಿ ಪಡೆಯುವ ಹಕ್ಕಿದೆ. ನಮೂದು ಬರೀ ವೇಗಮಿತಿ ಮೀರಿದ್ದಕ್ಕೆ ಆಗಿದ್ದರೆ 1 ವರ್ಷ ಸಾಕು. ಕೇಳಬೇಕು, ತಾನಾಗಿ ಯಾರೂ ಮನೆಗೆ ತಂದುಕೊಡುವುದಿಲ್ಲ.

ಇನ್ನೂ ಹಕ್ಕುಗಳಿವೆ. ಆರ್.ಟಿ.ಓ. ಕಚೇರಿ ಲೈಸೆನ್ಸ್ ಅನರ್ಹ ಮಾಡುವ ಮೊದಲು ನಿಮ್ಮ ಮಾತು ಕೇಳಬೇಕು. ಆದ್ದರಿಂದ ನೋಟೀಸು ಬಂದರೆ ಅಟ್ಟದ ಮೇಲೆ ಎಸೆಯದೆ, ಹೋಗಿ ಉತ್ತರ ಕೊಡಿ. ಆದೇಶ ಸರಿಯಿಲ್ಲ ಅನ್ನಿಸಿದರೆ ಕೈಗೆ ಬಂದ 30 ದಿನದೊಳಗೆ ಮೇಲ್ಮನವಿ ಹಾಕಬಹುದು. ಲೈಸೆನ್ಸ್ ವಶಕ್ಕೆ ತಗೊಂಡವರು ಚೀಟಿ ಕೊಡಬೇಕು. ಅದನ್ನು ಕೇಳಿ ಪಡೆಯಿರಿ, ಅದರಲ್ಲಿ ಏನು ಬರೆದಿದೆ ಅಂತ ಓದಿಸಿಕೊಳ್ಳಿ. ಮೇಲೆ ಹೇಳಿದ ಪಟ್ಟಿಯ ತಪ್ಪಿಗೆ ಲೈಸೆನ್ಸ್ ಹೋಗಿದ್ದರೆ ಆ ಚೀಟಿ ಹಿಡಿದು ಗಾಡಿ ಓಡಿಸುವಂತಿಲ್ಲ. ದಂಡ ಕಟ್ಟಿದರೆ ರಸೀದಿ ಪಡೆಯಿರಿ. ರಸೀದಿ ಇಲ್ಲದೆ ಕೊಟ್ಟದ್ದು ದಂಡವಲ್ಲ, ಅದಕ್ಕೆ ಬೇರೆ ಹೆಸರಿದೆ. ಅಂಥದ್ದರಿಂದ ಕೊಟ್ಟವನೂ ತಗೊಂಡವನೂ ಇಬ್ಬರೂ ಕೆಡುತ್ತಾರೆ.

ಕ್ಯಾಮೆರಾ ತಪ್ಪು ಮಾಡುವುದೂ ಉಂಟು. ನಂಬರಿನ ಒಂದು ಅಂಕಿ ತಪ್ಪಾಗಿ ಓದಿ ಯಾರದೋ ಚಲನ್ ನಿಮ್ಮ ಗಾಡಿಗೆ ಬಂದಿರಬಹುದು. ಫೋಟೋ ನೋಡಿ. ಗಾಡಿ ನಿಮ್ಮದಲ್ಲದಿದ್ದರೆ ತಕ್ಷಣ ಸಂಬಂಧಪಟ್ಟ ಠಾಣೆಗೆ ಬರವಣಿಗೆಯಲ್ಲಿ ತಕರಾರು ಕೊಡಿ. ಸುಮ್ಮನಿದ್ದರೆ ಒಪ್ಪಿಕೊಂಡ ಹಾಗೆಯೇ ಉಳಿಯುತ್ತದೆ, ಕೊನೆಗೆ ಕೋರ್ಟಿಗೂ ಹೋಗುತ್ತದೆ.

ಇನ್ನು ವಿಮೆಯ ಮಾತು. ಚಲನ್ ಬಿದ್ದರೆ ಇನ್ಶೂರೆನ್ಸ್ ಕಂತು ಏರುತ್ತದೆಯೇ ಅಂತ ಕೆಲವರು ಕೇಳಿದರು. ಥರ್ಡ್ ಪಾರ್ಟಿ ವಿಮೆಯ ದರವನ್ನು ಗೊತ್ತುಮಾಡುವುದು ಸರ್ಕಾರ. ನಿಮಗೆ ಚಲನ್ ಬಿತ್ತು ಅಂತ ಅದು ಏರುವುದಿಲ್ಲ. ಪೆಟ್ಟು ಬೀಳುವುದು ಬೇರೆ ಕಡೆ. ಲೈಸೆನ್ಸ್ ಅಮಾನತಿನಲ್ಲಿದ್ದವನ ಕೈಗೆ ಗೊತ್ತಿದ್ದೂ ಗಾಡಿ ಕೊಟ್ಟು ಅಪಘಾತವಾಯಿತು ಅನ್ನಿ. 2004ರಲ್ಲಿ ಸುಪ್ರೀಂ ಕೋರ್ಟು ಸ್ವರಣ್ ಸಿಂಗ್ ಪ್ರಕರಣದಲ್ಲಿ ಈ ವಿಷಯ ಬಿಡಿಸಿ ಹೇಳಿದೆ. ಮಾಲೀಕನ ತಪ್ಪು ಸಾಬೀತಾದರೆ, ಗಾಯವಾದವರಿಗೆ ಕಂಪನಿ ಮೊದಲು ಹಣ ಕೊಟ್ಟು ಆಮೇಲೆ ಅದನ್ನು ಮಾಲೀಕನಿಂದ ವಸೂಲು ಮಾಡಿಕೊಳ್ಳಬಹುದು. ಅಷ್ಟು ಲಕ್ಷ ಎಲ್ಲಿಂದ ತರುವುದು? ಹೊಲದಿಂದ. ಅಪ್ಪ ತಾತ ಉಳಿಸಿಕೊಟ್ಟ ಎರಡು ಎಕರೆ, ಒಂದು ಬೈಕಿನ ಕೀ ಕೊಟ್ಟ ತಪ್ಪಿಗೆ ಹೋಗಬಹುದು.

ದುಬೈಗೆ ಡ್ರೈವರ್ ಕೆಲಸಕ್ಕೆ ಹೋದ ನಮ್ಮ ತಾಲ್ಲೂಕಿನ ಹುಡುಗರೂ ಇದ್ದಾರೆ. ಅಲ್ಲಿ ತಪ್ಪಿಗೆ ದಂಡದ ಜೊತೆ ಕಪ್ಪು ಅಂಕ ಅಂತ ಬೀಳುತ್ತದೆ. ವರ್ಷದಲ್ಲಿ 24 ಸೇರಿದರೆ ಲೈಸೆನ್ಸ್ ಅಮಾನತು. ಇಂಗ್ಲೆಂಡಿನಲ್ಲಿ 3 ವರ್ಷದೊಳಗೆ 12 ಅಂಕ ಸೇರಿದರೆ ಸಾಮಾನ್ಯವಾಗಿ ಓಡಿಸುವ ಹಕ್ಕೇ ಹೋಗುತ್ತದೆ. ದೇಶ ಬೇರೆ, ಲೆಕ್ಕ ಹಾಕುವ ರೀತಿ ಬೇರೆ. ಆದರೆ ಡ್ರೈವರನ ಚರಿತ್ರೆ ನೋಡಿ ಕೆಲಸ ಕೊಡುವುದು ಎಲ್ಲ ಕಡೆಯೂ ಒಂದೇ.

ಈಗ ತಾಯಂದಿರು ಸ್ವಲ್ಪ ಕಿವಿಗೊಟ್ಟು ಕೇಳಬೇಕು. ಹೈಸ್ಕೂಲು ಹುಡುಗನ ಕೈಗೆ ಬೈಕು ಕೊಟ್ಟು, "ಡೈರಿಗೆ ಹಾಲು ಹಾಕಿ ಬಾ ಮಗ" ಅಂತ ಕಳಿಸುವುದು ನಮ್ಮ ಊರಿನಲ್ಲಿ ದಿನಾ ನಡೆಯುತ್ತಿದೆ. ಹೆಮ್ಮೆಯಿಂದ ಹೇಳುವವರೂ ಇದ್ದಾರೆ. 2019ರ ತಿದ್ದುಪಡಿಯಲ್ಲಿ 199ಎ ಅನ್ನುವ ಕಲಂ ಬಂದಿದೆ. 18 ತುಂಬದ ಮಗು ಗಾಡಿ ಓಡಿಸಿ ತಪ್ಪು ಮಾಡಿದರೆ ಪೋಷಕರೋ ಗಾಡಿಯ ಮಾಲೀಕರೋ ತಪ್ಪಿತಸ್ಥರು. ದಂಡ 25,000 ರೂಪಾಯಿ, ಜೊತೆಗೆ 3 ವರ್ಷದ ತನಕ ಸೆರೆ ಆಗಬಹುದು. ಗಾಡಿಯ ನೋಂದಣಿ 12 ತಿಂಗಳು ರದ್ದು. ಎಲ್ಲಕ್ಕಿಂತ ದೊಡ್ಡದು, ಆ ಮಗುವಿಗೆ 25 ವರ್ಷ ತುಂಬುವ ತನಕ ಲೈಸೆನ್ಸ್ ಸಿಗುವುದಿಲ್ಲ. ನಮ್ಮ ರಾಜ್ಯದ ಕೋರ್ಟುಗಳು ತಂದೆ ತಾಯಿಗೆ ಈ 25,000 ಹಾಕಿದ ಸುದ್ದಿಯನ್ನು ಪೇಪರಿನಲ್ಲಿ ನೀವೂ ಓದಿರುತ್ತೀರಿ. ಹದಿನೈದರಲ್ಲಿ ಮಾಡಿದ ಒಂದು ಓಟಕ್ಕೆ ಇಪ್ಪತ್ತೈದರ ತನಕ ಬೆಲೆ. ಓದು ಹತ್ತದಿದ್ದರೆ ಡ್ರೈವರ್ ಆದರೂ ಆಗುತ್ತಾನೆ ಅಂತ ಅಂದುಕೊಂಡಿದ್ದ ಬಾಗಿಲೂ ಮುಚ್ಚಿತು. ಎರಡು ಲೀಟರ್ ಹಾಲಿಗೋಸ್ಕರ ಇದು ಬೇಕೇ?

ಏನು ಮಾಡಬೇಕು ಅಂದರೆ, ನಮಗೆ ತೋಚಿದ್ದನ್ನು ಹೇಳುತ್ತೇವೆ. ತಿಂಗಳಿಗೊಂದು ಸಲ, ಬಟವಾಡೆಯ ದಿನವೇ ಆಗಲಿ, ನಿಮ್ಮ ಗಾಡಿಯ ನಂಬರಿಗೆ ಚಲನ್ ಇದೆಯೇ ಅಂತ ಸರ್ಕಾರದ ಪರಿವಾಹನ್ ತಾಣದಲ್ಲಿ ನೋಡಿ. ನಿಮಗೆ ಬಾರದಿದ್ದರೆ ಓದಿದ ಮಕ್ಕಳಿಂದ ನೋಡಿಸಿ. ವಾಟ್ಸಪ್ಪಿನಲ್ಲಿ "ನಿಮ್ಮ ಗಾಡಿಗೆ ಚಲನ್ ಬಂದಿದೆ, ಈ ಫೈಲು ಒತ್ತಿ" ಅಂತ ಬಂದರೆ ಒತ್ತಬೇಡಿ. ಅದು ಕಳ್ಳರ ಕೆಲಸ, ಬ್ಯಾಂಕಿನ ದುಡ್ಡು ಹೋಗುತ್ತದೆ. ಗಾಡಿ ಮಾರಿದರೆ ಆರ್.ಸಿ. ಹೆಸರು ಬದಲಾಗುವ ತನಕ ಬಿಡಬೇಡಿ. ಹೆಸರು ನಿಮ್ಮದೇ ಇದ್ದರೆ ಯಾರೋ ಹಾರಿಸಿದ ಸಿಗ್ನಲ್ಲಿನ ಚೀಟಿ ನಿಮ್ಮ ಮನೆಗೇ ಬರುತ್ತದೆ. ಫೋನ್ ನಂಬರ್ ಬದಲಾಯಿಸಿದರೆ ಆರ್.ಸಿ.ಯಲ್ಲೂ ಬದಲಾಯಿಸಿ. ಇಲ್ಲದಿದ್ದರೆ ಚಲನ್ ಬಿದ್ದದ್ದೇ ಗೊತ್ತಾಗುವುದಿಲ್ಲ.

ಸಂಘದ ಆಡಳಿತ ಮಂಡಳಿಗೂ ಒಂದು ಮನವಿ. ವರ್ಷಕ್ಕೊಮ್ಮೆ ಹಸುಗಳಿಗೆ ಲಸಿಕೆ ಶಿಬಿರ ಮಾಡುವ ಹಾಗೆಯೇ, ಒಂದು ದಿನ ಲೈಸೆನ್ಸ್, ವಿಮೆ, ಚಲನ್ ನೋಡಿ ಹೇಳುವ ಶಿಬಿರ ಮಾಡೋಣ. ನಾವು ಮೂವರೂ ಬಂದು ಕೂರುತ್ತೇವೆ. ಹಾಲು ತರುವ ಚಿಕ್ಕ ಹುಡುಗರು ಬೈಕಿನಲ್ಲಿ ಬಂದರೆ, ಹಾಲು ತಗೊಂಡು ಅವರ ಮನೆಯವರಿಗೆ ಹೇಳಿಕಳಿಸಲಿ. ಪೊಲೀಸಿನವರಿಗಿಂತ ಮೊದಲು ನಮ್ಮವರೇ ಎಚ್ಚರಿಕೆ ಕೊಟ್ಟರೆ ಅದಕ್ಕಿಂತ ಅಗ್ಗದ ಎಚ್ಚರಿಕೆ ಬೇರೆ ಇಲ್ಲ.

ಮೊದಲು ಹೇಳಿದ ಹುಡುಗನ ವಿಷಯಕ್ಕೆ ಬಂದು ಮುಗಿಸುತ್ತೇವೆ. ಅವನು ಈಗ ಹಾಲಿನ ರೂಟಿನ ಗಾಡಿ ಓಡಿಸುತ್ತಿದ್ದಾನೆ. ಮೂರು ಚಲನ್ನೂ ಕಟ್ಟಿದ್ದಾನೆ. ಅದಾದ ಮೇಲೆ ಒಂದೂ ಬಿದ್ದಿಲ್ಲ. ಮುಂದಿನ ವರ್ಷ ಮತ್ತೆ ಅರ್ಜಿ ಹಾಕುತ್ತಾನಂತೆ. ಮೊನ್ನೆ ಅವನ ಮನೆಗೆ ಹೋಗಿದ್ದೆವು. ಬಾಗಿಲ ಪಕ್ಕದ ಮೊಳೆಯಲ್ಲಿ ಬೈಕಿನ ಕೀ ತೂಗುತ್ತಿತ್ತು. ಅದರ ಪಕ್ಕ ದಾರ ಕಟ್ಟಿದ ಒಂದು ಸಣ್ಣ ನೋಟ್‌ಬುಕ್ಕು, ಒಂದು ಪೆನ್ಸಿಲ್ಲು. ಬೈಕು ತಗೊಂಡು ಹೋಗುವವರು ತಾರೀಕು, ಹೊತ್ತು, ಹೆಸರು ಬರೆದೇ ಹೋಗಬೇಕು. ಲೈಸೆನ್ಸ್ ಇಲ್ಲದವರಿಗೆ ಕೀ ಇಲ್ಲ. "ಮೊದಮೊದಲು ಎಲ್ಲಾರೂ ನಕ್ಕರು ಕಣಣ್ಣ, ಮಾವ ಎರಡು ತಿಂಗಳು ಮಾತೇ ಬಿಟ್ಟಿದ್ದರು" ಅಂದ. "ಈಗ?" ಅಂದೆವು. "ಈಗ ಅವರ ಮನೇಲೂ ಒಂದು ಪುಸ್ತಕ ನೇತಾಕವ್ರೆ" ಅಂದ.

ಸರ್ಕಾರಿ ಬಸ್ಸಿಗೆ ಲಾಗ್ ಶೀಟ್ ಇರುತ್ತದೆ, ಸಂಘದಲ್ಲಿ ಹಾಲಿನ ಪುಸ್ತಕ ಇರುತ್ತದೆ. ಇಪ್ಪತ್ತೈದು ವರ್ಷ ಈ ಸಂಘ ನಿಂತಿರುವುದೇ ಯಾರು ಎಷ್ಟು ಹಾಕಿದರು ಅಂತ ದಿನಾ ಸರಿಯಾಗಿ ಬರೆದದ್ದರಿಂದ. ಮನೆಯ ಗಾಡಿಗೂ ಅಂಥ ಒಂದು ಪುಸ್ತಕ ಇರಲಿ. ದಂಡದ ಚೀಟಿ ಬರೆಯುವುದು ಬೇರೆಯವರ ಕೈ. ಈ ಪುಸ್ತಕ ಬರೆಯುವುದು ನಮ್ಮ ಕೈ.

 ಸಭೆ ಮುಗಿದ ಮೇಲೆ ಊಟ ಮಾಡಿಕೊಂಡು, ಹೆಲ್ಮೆಟ್ ಹಾಕಿಕೊಂಡು, ಒಂದು ಬೈಕಿನಲ್ಲಿ ಇಬ್ಬರೇ ಕೂತು ಮನೆ ಸೇರಿ. ಸಂಘ ಚೆನ್ನಾಗಿರಲಿ, ಊರು ಚೆನ್ನಾಗಿರಲಿ. ಜೈ ಸಹಕಾರ.